ಕೊಡುವ ಕೈಯ ಕಷ್ಟ

ಪೊನ್ನಂಪೇಟೆಯ ಹುಡುಗನೊಬ್ಬ ಸರ್ಕಾರಿ ಕೆಲಸದ ಮೇಲೆ ಪರದೇಶಕ್ಕೆ ಹೊರಟನೆಂದರೆ ಹಿರಿಯರು ಮೊದಲು ಕೇಳುವುದು ‘ಯಾವ ರೆಜಿಮೆಂಟು?’ ಎಂದು. ಕೊಡಗಿನಲ್ಲಿ ಅದು ಸಹಜವೇ. ಕೋವಿಯ ಬದಲು ಕಡತ ಹಿಡಿದು, ನಮ್ಮ ಸರ್ಕಾರ ಅನ್ಯದೇಶಕ್ಕೆ ಕೊಡುವ ನೆರವಿನ ಆಡಳಿತ ನೋಡಿಕೊಳ್ಳಲೂ ಜನ ಹೋಗುತ್ತಾರೆಂದರೆ ನಂಬುವುದು ತುಸು ನಿಧಾನ. ಹಾಗೆಂದು ವಿದೇಶಾಂಗ ಸೇವೆ ಈ ಸೀಮೆಗೆ ಅಪರಿಚಿತವೇನಲ್ಲ. 1949ರಲ್ಲಿ ಅದನ್ನು ಸೇರಿದ ಮೊದಲ ಮಹಿಳೆ, 1970ರಲ್ಲಿ ಹಂಗೇರಿಗೆ ರಾಯಭಾರಿಯಾದ ಸಿ. ಬಿ. ಮುತ್ತಮ್ಮನವರು ಹುಟ್ಟಿದ್ದು ನೆರೆಯ ವಿರಾಜಪೇಟೆಯಲ್ಲಿ.

ಹಣ ಹಂಚುವುದರಲ್ಲಿ ಕಷ್ಟವೇನೆಂದು ಕೆಲವರು ಕೇಳಿಯಾರು. ಅಲ್ಲಿಯ ಸರ್ಕಾರ ಬೇಡಿಕೆಯಿಡಬೇಕು. ಅಂದಾಜುಪಟ್ಟಿ, ಟೆಂಡರು, ಕಂತುಗಳು. ದೆಹಲಿಯ ಲೆಕ್ಕತಪಾಸಣೆಗೆ ಉತ್ತರ. ಇವೆಲ್ಲ ಹೇಗೋ ನಡೆದಾವು. ಕಟ್ಟಡ ಕಟ್ಟಿಕೊಟ್ಟ ಮೇಲೆ ಉಪಾಧ್ಯಾಯರ ಸಂಬಳ ಯಾರದು, ರಸ್ತೆ ಕುಸಿದರೆ ಸರಿಪಡಿಸುವವರಾರು ಎಂಬಲ್ಲಿಂದ ನಿಜವಾದ ತೊಡಕು. ಅದಕ್ಕಿಂತಲೂ ಸೂಕ್ಷ್ಮವಾದುದು ಪಡೆಯುವವರ ಮನಸ್ಸು.

ನೇಪಾಳದ ಕಥೆಯನ್ನೇ ನೋಡಿ. ಕಠ್ಮಂಡುವಿಗೆ ಭಾರತದ ಕಡೆಯಿಂದ ಮೊದಲ ಮೋಟಾರು ರಸ್ತೆ, ತ್ರಿಭುವನ ರಾಜಪಥವನ್ನು, 1950ರ ದಶಕದಲ್ಲಿ ನಿರ್ಮಿಸಿದವರು ನಮ್ಮ ಸೈನ್ಯದ ಎಂಜಿನಿಯರರು. 1954ರಲ್ಲಿ ಅಲ್ಲಿ ‘ಭಾರತೀಯ ನೆರವು ನಿಯೋಗ’ ಸ್ಥಾಪನೆಯಾಯಿತು. ಕೆಲಸ ನಡೆಯಿತು, ಆದರೆ ಎಲ್ಲವನ್ನೂ ಭಾರತೀಯರೇ ನಿರ್ಧರಿಸಿ ತಾವೇ ಮಾಡಿಬಿಡುತ್ತಾರೆಂಬ ಅಸಮಾಧಾನವೂ ನೇಪಾಳಿಗಳಲ್ಲಿ ಬೆಳೆಯಿತು. 1966ರಲ್ಲಿ ಅದರ ಹೆಸರು ‘ಸಹಕಾರ ನಿಯೋಗ’ವಾಯಿತು. 1964ರಲ್ಲಿ ಆರಂಭವಾದ ತಾಂತ್ರಿಕ ತರಬೇತಿಯ ಯೋಜನೆಗೂ ಸಹಕಾರವೆಂದೇ ಹೆಸರು. 2012ರಲ್ಲಿ ವಿದೇಶಾಂಗ ಸಚಿವಾಲಯದಲ್ಲಿ ಇದಕ್ಕಾಗಿ ಪ್ರತ್ಯೇಕ ವಿಭಾಗವಾದಾಗ ‘ಪಾಲುದಾರಿಕೆ’ ಎಂಬ ಮಾತು ಬಂತು. ಬರಿಯ ಹೆಸರಿನಿಂದೇನಾದೀತು ಎನ್ನಬಹುದು. ನನಗೆ ಹಾಗೆನ್ನಿಸದು.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳೆಂಬ ವಾಡಿಕೆಯಿತ್ತಷ್ಟೆ: ಇಂದು ನಿಮ್ಮ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಅಲ್ಲಿ ಯಾರೂ ಯಾರ ಮುಂದೆಯೂ ಕುಗ್ಗಬೇಕಾಗಿರಲಿಲ್ಲ. ತೀರಿಸುವ ದಾರಿ ತೆರೆದಿತ್ತು. ಭೂತಾನದ 1961ರ ಮೊದಲ ಪಂಚವಾರ್ಷಿಕ ಯೋಜನೆಯ ವೆಚ್ಚವನ್ನು ಭಾರತವೇ ಭರಿಸಿತು, ಅದು ದಾನ. ಮುಂದೆ 336 ಮೆಗಾವಾಟಿನ ಚೂಖಾ ಜಲವಿದ್ಯುತ್ ಯೋಜನೆಗೆ ನೂರಕ್ಕೆ 60 ಭಾಗ ಅನುದಾನ, 40 ಭಾಗ ಸಾಲ. ಮಿಕ್ಕ ವಿದ್ಯುತ್ತನ್ನು ಭಾರತ ಕೊಂಡಿತು. ಇದು ಮುಯ್ಯಿಗೆ ಹತ್ತಿರದ್ದು. ಇಂಥ ಒಪ್ಪಂದವನ್ನು ಹೊಸೆಯುವ ಅಧಿಕಾರಿಗೆ ಎಂಜಿನಿಯರಿಂಗಿಗಿಂತ ನೆರೆಹೊರೆಯ ಬಾಳುವೆ ಚೆನ್ನಾಗಿ ತಿಳಿದಿರಬೇಕು. ಆದರೂ ವಿದ್ಯುತ್ತಿನ ಬೆಲೆಯ ಮಾತು ಬಂದಾಗ ಎರಡು ದೇಶಗಳೂ ಸಮಾನರೇ ಎಂದು ಪ್ರಮಾಣ ಮಾಡಿ ಹೇಳಲಾರೆ.

ಪಡೆಯುವುದೇನೆಂದು ನಮಗೂ ತಿಳಿಯದ್ದಲ್ಲ. 1960ರ ದಶಕದಲ್ಲಿ ಕನ್ನಡ ನಾಡಿನ ಶಾಲೆಗಳಲ್ಲಿ ಓದಿದವರಿಗೆ ಅಮೆರಿಕದ ಹಾಲಿನ ಪುಡಿಯ, ಹಳದಿ ಉಪ್ಪಿಟ್ಟಿನ ನೆನಪು ಮಾಸಿರಲಾರದು. ಹಸಿದವರಿಗೆ ಅದು ರುಚಿಯಾಗಿಯೇ ಇತ್ತು. ಮೂಟೆಯ ಮೇಲೆ ಅದು ಯಾವ ದೇಶದ ಜನರ ಕೊಡುಗೆಯೆಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಇಂಗ್ಲಿಷು ಬಾರದ ನಾವು ಅದರ ಅರ್ಥವನ್ನು ಮೇಷ್ಟರಿಂದ ಕೇಳಿ ತಿಳಿದುಕೊಂಡೆವು.