ಹೊಸ ಅಳತೆಯ ಪಿಸ್ತೂಲನ್ನು ಕೊಳ್ಳಬಹುದೆ?

ಪಿಸ್ತೂಲಿನ ಗುಣವನ್ನು ವಿಚಾರಿಸುವವರು ಸಾಮಾನ್ಯವಾಗಿ ಪಿಸ್ತೂಲನ್ನೇ ತಿರುಗಿಸಿ ನೋಡುತ್ತಾರೆ. ಅದಕ್ಕೆ ತುಂಬತಕ್ಕ ತೋಟಾವನ್ನು ಮರೆಯುತ್ತಾರೆ. ಕುದುರೆಯನ್ನು ಕೊಳ್ಳುವವನು ಹುಲ್ಲು ಹುರುಳಿಯ ಬೆಲೆಯನ್ನು ಕೇಳದೆ ಬರುವನೆ?

ಅಮೆರಿಕದಲ್ಲಿ ಆತ್ಮರಕ್ಷಣೆಗೆಂದು ಪಿಸ್ತೂಲನ್ನು ಉಡುಪಿನೊಳಗೆ ಮರೆಮಾಡಿ ಧರಿಸಿ ತಿರುಗುವ ಗೃಹಸ್ಥರು ಬಹುಮಂದಿ ಇದ್ದಾರೆ. ಅಂಥವರಿಗಾಗಿ 2022ರ ಜನವರಿಯಲ್ಲಿ ಫೆಡರಲ್ ಕಂಪೆನಿಯವರು ‘.30 ಸೂಪರ್ ಕ್ಯಾರಿ’ ಎಂಬ ಹೊಸ ತೋಟಾವನ್ನು ಹೊರತಂದರು. ಅದಕ್ಕೊಪ್ಪುವ ಪಿಸ್ತೂಲುಗಳನ್ನು ಸ್ಮಿತ್ ಅಂಡ್ ವೆಸ್ಸನ್ ಮೊದಲಾದವರು ತಯಾರಿಸಿದರು. ಮಿತವಾದ ವರಮಾನವುಳ್ಳವನೊಬ್ಬನು, ಮನೆಯ ರಕ್ಷಣೆಗೆ ಇದೊಂದನ್ನೇ ನೆಚ್ಚಿ, ಇದನ್ನು ಕೊಳ್ಳಬಹುದೆ ಎಂಬುದೇ ನಮ್ಮ ವಿಚಾರ.

ತಯಾರಕರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಲೋಕಪ್ರಸಿದ್ಧವಾದ 9 ಮಿಲಿಮೀಟರ್ ಗುಂಡಿನ ಅಡ್ಡಳತೆ .355 ಅಂಗುಲ, ಹೊಸದರದು ಸುಮಾರು.31 ಅಂಗುಲ. ತೋಟಾ ತೆಳ್ಳಗಾದುದರಿಂದ ಅದೇ ಹಿಡಿಯೊಳಗೆ ಹೆಚ್ಚು ತೋಟಾಗಳು ಹಿಡಿಸುತ್ತವೆ. ‘ಶೀಲ್ಡ್ ಪ್ಲಸ್’ ಎಂಬ ಪಿಸ್ತೂಲಿನಲ್ಲಿ 9 ಮಿಲಿಮೀಟರಿನವು 10 ಅಥವಾ 13 ಹಿಡಿದರೆ, ಇವು 13 ಅಥವಾ 16 ಹಿಡಿಯುವುವು. ಹಾಗಾದರೆ ಪೆಟ್ಟು ಕುಗ್ಗುವುದಿಲ್ಲವೆ? ಅದಕ್ಕೂ ಉಪಾಯವಿದೆ. 115 ಗ್ರೇನ್ ತೂಕದ 9 ಮಿಲಿಮೀಟರ್ ಗುಂಡು ಸೆಕೆಂಡಿಗೆ 1,150 ಅಡಿ ವೇಗದಲ್ಲಿ ಹೊರಟರೆ, 100 ಗ್ರೇನಿನ ಹೊಸ ಗುಂಡನ್ನು 1,250 ಅಡಿ ವೇಗದಲ್ಲಿ ಹೊರಡಿಸುತ್ತಾರೆ. ಗುಣಿಸಿ ನೋಡಿದರೆ ಎರಡರ ಶಕ್ತಿಯೂ ಹೆಚ್ಚುಕಡಮೆ ಒಂದೇ. ಆದರೆ ವೇಗವು ಪುಕ್ಕಟೆ ಬರುವುದಲ್ಲ. ಹಳೆಯ ತೋಟಾದೊಳಗಿನ ಒತ್ತಡಕ್ಕೆ ಚದರ ಅಂಗುಲಕ್ಕೆ 35,000 ಪೌಂಡು ಮಿತಿಯಾದರೆ, ಹೊಸದರದು ಅದಕ್ಕಿಂತ ಹತ್ತು ಸಾವಿರಕ್ಕೆ ಕಡಮೆಯಿಲ್ಲದಷ್ಟು ಹೆಚ್ಚು. ಒತ್ತಡವೇರಿದಂತೆ ಸದ್ದೂ ಕರ್ಕಶವಾಗುವುದು.

ಆದುದರಿಂದ ಲಾಭವೆಂದರೆ ಮೂರು ತೋಟಾಗಳು. ಈ ಮೂರಕ್ಕಾಗಿ ಏನನ್ನು ತೆರಬೇಕು?

ಪಿಸ್ತೂಲನ್ನು ಒಮ್ಮೆ ಕೊಳ್ಳುತ್ತೇವೆ. ತೋಟಾವನ್ನು ಜೀವಮಾನವೆಲ್ಲ ಕೊಳ್ಳಬೇಕು. ಅಭ್ಯಾಸವಿಲ್ಲದವನ ಕೈಯಲ್ಲಿ ಹದಿನಾರು ತೋಟಾಗಳಿದ್ದರೂ ಅವು ಗೋಡೆಗೆ ಅಥವಾ ನೆರೆಯವನಿಗೆ ಅಪಾಯವೇ ಹೊರತು ಕಳ್ಳನಿಗಲ್ಲ. 9 ಮಿಲಿಮೀಟರ್ ತೋಟಾ 1902ರಿಂದ ಬಳಕೆಯಲ್ಲಿದ್ದು, ಹತ್ತಾರು ದೇಶಗಳ ಸೈನ್ಯಗಳಿಗಾಗಿ ತಯಾರಾಗುತ್ತಿರುವುದರಿಂದ ಅಗ್ಗವಾಗಿದೆ. ಹೊಸದಕ್ಕೆ ಆ ಭಾಗ್ಯವಿಲ್ಲ. ಮೊದಮೊದಲು ಅಂಗಡಿಯಲ್ಲಿ ಫೆಡರಲ್, ಸ್ಪೀರ್, ರೆಮಿಂಗ್ಟನ್ ಎಂಬ ಹಲವು ಹೆಸರುಗಳು ಕಂಡವು, ನಿಜ. ಆದರೆ ಆಗ ಅವೆಲ್ಲವೂ ವಿಸ್ಟಾ ಔಟ್‌ಡೋರ್ ಎಂಬ ಒಬ್ಬನೇ ಒಡೆಯನವು. ಹೆಸರು ಮೂರಾದರೂ ಒಲೆ ಒಂದೇ. 2020–21ರಲ್ಲಿ ಅಮೆರಿಕದಲ್ಲಿ ತೋಟಾಗಳ ಬರ ಬಂದಿತ್ತು. ಅಂಥ ಕಾಲದಲ್ಲಿ ಕಾರ್ಖಾನೆಯವರು ಹೆಚ್ಚು ಜನ ಕೇಳುವುದನ್ನು ಮೊದಲು ಮಾಡುತ್ತಾರೆಯೇ ಹೊರತು ಕೆಲವರು ಕೇಳುವುದನ್ನಲ್ಲ.

ಹಿಂದಿನ ಕಥೆಗಳೂ ಇವೆ. 1983ರಲ್ಲಿ ‘ಬ್ರೆನ್ ಟೆನ್’ ಪಿಸ್ತೂಲು 10 ಮಿಲಿಮೀಟರಿನ ಹೊಸ ತೋಟಾದೊಡನೆ ಬಂತು. ಅನೇಕ ಗಿರಾಕಿಗಳಿಗೆ ಪಿಸ್ತೂಲು ಸಿಕ್ಕಿತು, ತೋಟಾ ತುಂಬುವ ಮ್ಯಾಗಜೀನ್ ಸಿಕ್ಕಲಿಲ್ಲ! 1986ರಲ್ಲಿ ಕಂಪೆನಿಯೇ ಮುಚ್ಚಿತು. 1987ರಲ್ಲಿ ಕೋಲ್ಟ್ ಕಂಪೆನಿಯವರು ಆ ಅಳತೆಯನ್ನು ಕೈಹಿಡಿದುದರಿಂದ ತೋಟಾ ಮಾತ್ರ ಬದುಕಿತು. 2003ರ ‘.45 ಗ್ಯಾಪ್’ ತೋಟಾವನ್ನು ನ್ಯೂಯಾರ್ಕ್ ಸಂಸ್ಥಾನದ ಪೊಲೀಸರೇ ಸ್ವೀಕರಿಸಿ, ಕೆಲವು ವರ್ಷಗಳಲ್ಲಿ ಕೈಬಿಟ್ಟರು. 1994ರ ‘.357 ಸಿಗ್’ ಕೊಂಡವನ ಸ್ಥಿತಿ ಇಷ್ಟು ಕಷ್ಟವಲ್ಲ: ಎಷ್ಟೋ ಪಿಸ್ತೂಲುಗಳಲ್ಲಿ ನಳಿಗೆಯೊಂದನ್ನು ಬದಲಾಯಿಸಿದರೆ ಬಳಕೆಯಲ್ಲಿರುವ .40 ತೋಟಾವನ್ನೇ ಹಾರಿಸಬಹುದು. ಹೀಗೆ ಹಿಂದಿರುಗುವ ದಾರಿಯಿದೆಯೆ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು.

ನಮ್ಮ ದೇಶದಲ್ಲಿ ಈ ಚರ್ಚೆಗೆ ಎಡೆ ಕಡಮೆ. 9 ಮಿಲಿಮೀಟರ್ ಇಲ್ಲಿ ನಿಷಿದ್ಧವಾದ ಅಳತೆ. ಲೈಸೆನ್ಸುದಾರನಿಗೆ ಸಾಮಾನ್ಯವಾಗಿ ದೊರೆಯುವುದು.32.

ಮೊದಲೇ ಒಂದು 9 ಮಿಲಿಮೀಟರ್ ಇಟ್ಟುಕೊಂಡಿರುವ ಸ್ಥಿತಿವಂತನು ಕುತೂಹಲಕ್ಕಾಗಿ ಸೂಪರ್ ಕ್ಯಾರಿಯನ್ನು ಕೊಂಡರೆ ಆಕ್ಷೇಪಿಸಬೇಕಾದುದಿಲ್ಲ. ಒಂದನ್ನೇ ಕೊಳ್ಳಬಲ್ಲವನಿಗೆ ನಾನು ಬೇಡವೆಂದೇ ಹೇಳುವೆನು. ಆ ಹಣದಲ್ಲಿ ಹಳೆಯ ಅಳತೆಯದನ್ನು ಕೊಂಡು, ಉಳಿದುದಕ್ಕೆ ಅಭ್ಯಾಸದ ತೋಟಾಗಳನ್ನು ತರಲಿ.