ಓದಿದ್ದೆಲ್ಲ ಪರೀಕ್ಷೆಯ ಹೊತ್ತಿಗೆ ಎಲ್ಲಿ ಹೋಗುತ್ತೆ?

ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತೆಂದರೆ ನಮಗೆ ಬರುವ ಫೋನ್‌ಗಳಲ್ಲಿ ಹಾಡಿನ ಕೋರಿಕೆಯ ಜೊತೆಗೆ ಈ ಅಳಲೂ ಇರುತ್ತದೆ: "ರಾತ್ರಿಯೆಲ್ಲ ಓದಿರ್ತೀನಿ, ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ತಲೆ ಖಾಲಿ!"

ಖಾಲಿಯಲ್ಲ, ತುಂಬಿರುತ್ತದೆ. ನಮ್ಮ ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ನಾಲ್ಕಾರು ವಿಷಯ ಮಾತ್ರ. ಮನೋವಿಜ್ಞಾನಿಗಳು ಇದನ್ನು 'ವರ್ಕಿಂಗ್ ಮೆಮೊರಿ' ಅನ್ನುತ್ತಾರೆ. ಅಡುಗೆಮನೆಯ ಚಿಕ್ಕ ಕಟ್ಟೆ ಇದ್ದ ಹಾಗೆ (ಮುಂಬೈನ ಒಂದೇ ಕೋಣೆಯ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ!). 'ಫೇಲಾದ್ರೆ? ಊರಲ್ಲಿ ಅಪ್ಪನಿಗೆ ಏನು ಹೇಳಲಿ?' ಎಂಬ ಪಾತ್ರೆಗಳೇ ಕಟ್ಟೆಯ ತುಂಬ ಕೂತರೆ ತರಕಾರಿ ಹೆಚ್ಚಲು ಜಾಗವೆಲ್ಲಿ?

ಹಾಗಂತ ಭಯವೇ ಬೇಡವೆಂದಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಕಷ್ಟದ ಪಾಠವನ್ನು ಇಲಿಗಳು ಬೇಗ ಕಲಿತದ್ದು ಹದವಾದ ಶಾಕ್ ಕೊಟ್ಟಾಗ. ಶಾಕ್ ಜೋರಾದಾಗ ತಡವರಿಸಿದವು.

ಕಟ್ಟೆ ಖಾಲಿ ಮಾಡುವುದು ಹೇಗೆ? 2011ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು, ಪರೀಕ್ಷೆಗೆ ಮುಂಚೆ 10 ನಿಮಿಷ ತಮ್ಮ ಹೆದರಿಕೆಯನ್ನೇ ಕಾಗದದ ಮೇಲೆ ಬರೆದ ಅಂಜುಬುರುಕ ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದದ್ದನ್ನು ಕಂಡರು. ಎಲ್ಲರಿಗೂ ಫಲಿಸುತ್ತದೆ ಅಂತ ನಾನು ಹೇಳಲಾರೆ. ಖರ್ಚಂತೂ ಒಂದು ಹಾಳೆಯಷ್ಟೇ.

ಓದುವ ರೀತಿಯನ್ನೂ ನೋಡಿ. 2006ರಲ್ಲಿ ರೋಡಿಗರ್, ಕಾರ್ಪಿಕೆ ಎಂಬ ಸಂಶೋಧಕರು ಕೆಲವರಿಗೆ ಪಾಠವನ್ನು ಮತ್ತೆ ಮತ್ತೆ ಓದಿಸಿದರು, ಉಳಿದವರಿಂದ ಪುಸ್ತಕ ಮುಚ್ಚಿಸಿ ನೆನಪಾದದ್ದನ್ನು ಬರೆಸಿದರು. ಐದು ನಿಮಿಷದ ನಂತರ ಓದಿದವರೇ ಮುಂದು. ವಾರ ಕಳೆದ ಮೇಲೆ? ಮುಚ್ಚಿ ಬರೆದವರು! ತಮಾಷೆಯೆಂದರೆ, ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ನಂಬಿದ್ದವರು ಮತ್ತೆ ಮತ್ತೆ ಓದಿದವರು. ಪುಟದ ಪರಿಚಯವೇ ಕಲಿಕೆ ಅನ್ನಿಸಿಬಿಡುತ್ತದೆ. ಆ ನಂಬಿಕೆ ಒಡೆಯುವುದು ಪರೀಕ್ಷೆಯ ಕೋಣೆಯಲ್ಲೇ.

ಆದರೆ ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರದು, 'ಬದುಕೇ ಬೇಡ' ಅನ್ನಿಸುತ್ತಿದೆ ಅಂದರೆ ಇಂಥ ಉಪಾಯಗಳಿಗೆ ಕಾಯಬೇಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಸಿಗುತ್ತದೆ, ಕರೆಗೆ ಕಾಸಿಲ್ಲ. ಕ್ಲಾಸಿನಲ್ಲಿ ಇಂಗ್ಲಿಷು, ಹಾಸ್ಟೆಲಿನಲ್ಲಿ ಹಿಂದಿ ಸರಾಗವಾಗಿ ಬಂದರೂ ಸಂಕಟ ಹೇಳಿಕೊಳ್ಳಲು ಮನೆಮಾತೇ ಬೇಕೆನಿಸಿದರೆ, ಅಲ್ಲಿ ಭಾಷೆ ಆರಿಸುವಾಗ ಕನ್ನಡವೂ ಇದೆ.