ಒಂದೇ ಗೊಂಬೆ, ಇಬ್ಬರು ಗಿರಾಕಿಗಳು

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕಾರ್ಯಕ್ರಮ ನಿರ್ಮಾಣದ ಕೆಲಸಕ್ಕೆ ನಾನಾಗ ಹೊಸಬ. ನಾವಿದ್ದ ಸ್ಟುಡಿಯೊದಲ್ಲಿ ಯಾವ ಕ್ಯಾಮೆರಾ ಯಾವ ದಿನ ಯಾರಿಗೆ ಎಂದು ಬರೆಯಲು ಎರಡು ಪುಸ್ತಕಗಳಿದ್ದವು. ಒಂದು ಉಗ್ರಾಣದಲ್ಲಿ, ಇನ್ನೊಂದು ಮೇಲಿನ ಕಚೇರಿಯಲ್ಲಿ. ಒಂದು ಬೆಳಿಗ್ಗೆ ನೋಡಿದರೆ, ಒಂದೇ ಕ್ಯಾಮೆರಾವನ್ನು ಎರಡು ತಂಡಗಳಿಗೆ ಕೊಟ್ಟಿದ್ದರು. ನಮ್ಮ ತಂಡ ಬರಿಗೈಯಲ್ಲಿ ಉಳಿಯಿತು. ಹಳ್ಳಿಯಲ್ಲಿ ನಮಗಾಗಿ ಕಾದಿದ್ದ ತೊಗಲುಗೊಂಬೆ ಕಲಾವಿದರು ಮೂರು ಗಂಟೆ ನೋಡಿ, ಗೊಂಬೆಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿದರಂತೆ.

ಯಾರೂ ಸುಳ್ಳು ಬರೆದಿರಲಿಲ್ಲ. ಒಂದು ಪುಸ್ತಕಕ್ಕೆ ಇನ್ನೊಂದರ ಸುದ್ದಿ ತಿಳಿದಿರಲಿಲ್ಲ, ಅಷ್ಟೆ. ಇಂದು ಅಂತರ್ಜಾಲದಲ್ಲಿ ಸರಕು ಮಾರುವ ಅನೇಕ ಅಂಗಡಿಗಳು ಇದೇ ಸಮಸ್ಯೆಯನ್ನು ಎದುರಿಸುತ್ತವೆ.

ಚನ್ನಪಟ್ಟಣದಲ್ಲಿ ಒಂದು ಗೊಂಬೆ ಅಂಗಡಿ ಇದೆ ಎಂದುಕೊಳ್ಳಿ. ದಾಸ್ತಾನಿನ ಲೆಕ್ಕ ಟ್ಯಾಲಿಯಂತಹ ತಂತ್ರಾಂಶದಲ್ಲಿದೆ. ಮಾರಾಟ ಮಾತ್ರ ಮೂರು ಕಡೆ: ಅಂಗಡಿಯ ಕಟ್ಟೆಯಲ್ಲಿ, ಸ್ವಂತ ಜಾಲತಾಣದಲ್ಲಿ, ಅಮೆಜಾನ್ ಅಥವಾ ಫ್ಲಿಪ್‌ಕಾರ್ಟ್‌ನಂತಹ ಅಂತರ್ಜಾಲ ಮಾರುಕಟ್ಟೆಯಲ್ಲಿ. ಅರಗಿನ ಬಣ್ಣದ ಕುದುರೆ ಒಂದೇ ಉಳಿದಿದೆ. 11 ಗಂಟೆಗೆ ಅದನ್ನು ಅಂಗಡಿಗೆ ಬಂದವರು ಕೊಂಡರು. 11.05ಕ್ಕೆ ಧಾರವಾಡದ ಒಬ್ಬರು ಮೊಬೈಲಿನಲ್ಲಿ ಅದೇ ಕುದುರೆಗೆ ಹಣ ಕಟ್ಟಿದರು. ಏಕೆಂದರೆ ಮಾರುಕಟ್ಟೆಯ ಪುಟ ಇನ್ನೂ ‘1 ಇದೆ’ ಎಂದೇ ಹೇಳುತ್ತಿತ್ತು. ಈಗ ಹಣ ಹಿಂದಿರುಗಿಸಬೇಕು. ಇಂತಹ ರದ್ದತಿಗಳ ಲೆಕ್ಕವನ್ನು ಮಾರುಕಟ್ಟೆಯವರು ಇಟ್ಟಿರುತ್ತಾರೆ. ಅವು ಹೆಚ್ಚಾದರೆ ಅಂಗಡಿಯವರಿಗೆ ಮಾರುವ ಅವಕಾಶವೇ ತಪ್ಪಬಹುದು.

ರೈಲ್ವೆಯ ಪಾಠ

ಈ ಕಗ್ಗಂಟನ್ನು ನಮ್ಮ ರೈಲ್ವೆ ಮೊದಲೇ ಕಂಡಿತ್ತು. ಕಂಪ್ಯೂಟರ್ ಬರುವ ಮುನ್ನ ಒಂದು ರೈಲಿನ ಆಸನಗಳ ಪುಸ್ತಕ ಯಾವ ಕಿಟಕಿಯಲ್ಲಿದೆಯೋ ಅಲ್ಲಿಯೇ ಸರದಿ ನಿಲ್ಲಬೇಕಿತ್ತು. 1980ರ ದಶಕದಲ್ಲಿ ಕಂಪ್ಯೂಟರ್ ಬಂದ ಮೇಲೆ ಯಾವ ಕಿಟಕಿಯಿಂದ ಕೇಳಿದರೂ ಉತ್ತರ ಒಂದೇ ಲೆಕ್ಕದಿಂದ ಬರತೊಡಗಿತು. 2002ರಲ್ಲಿ ಅಂತರ್ಜಾಲದ ಟಿಕೆಟ್ ಆರಂಭವಾದಾಗ ಅದೂ ಇನ್ನೊಂದು ಕಿಟಕಿಯಾಯಿತು. ಕಿಟಕಿ ನೂರಿರಲಿ, ಪುಸ್ತಕ ಒಂದೇ.

ಗೊಂಬೆ ಅಂಗಡಿಗೆ ಈ ಅನುಕೂಲವಿಲ್ಲ. ಮಾರುಕಟ್ಟೆಯ ಕಂಪ್ಯೂಟರ್ ಬೇರೆಯವರದು. ಅದರಲ್ಲಿರುವುದು ಅಂಗಡಿಯ ಲೆಕ್ಕದ ನಕಲು. ನಕಲು ಸ್ವಲ್ಪವಾದರೂ ತಡವಾಗಿಯೇ ತಲುಪುತ್ತದೆ. ಆ ತಡದಲ್ಲಿ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸುವುದೇ ದಾಸ್ತಾನಿನ ಹೊಂದಾಣಿಕೆ.

ಮೊದಲು ತೀರ್ಮಾನಿಸಬೇಕಾದವು

ಮೊದಲನೆಯದು ಗುರುತು. ಅಂಗಡಿಯ ಪುಸ್ತಕದಲ್ಲಿ ‘ಕೆಂಪು ಕುದುರೆ ಸಣ್ಣದು’, ಮಾರುಕಟ್ಟೆಯಲ್ಲಿ ‘ಮಕ್ಕಳ ಮರದ ಆಟಿಕೆ’ ಎಂದಿದ್ದರೆ ಎರಡೂ ಒಂದೇ ಎಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಪ್ರತಿ ಬಗೆಯ ಸರಕಿಗೂ ಒಂದು ಸಂಕೇತ ಕೊಟ್ಟು, ಪ್ರತಿ ಮಾರುಕಟ್ಟೆಯ ಸಂಕೇತದೊಡನೆ ಜೋಡಿಸಬೇಕು. ಕೆಂಪು ಕುದುರೆಗೂ ಹಸಿರು ಕುದುರೆಗೂ ಸಂಕೇತ ಬೇರೆ.

ಎರಡನೆಯದು ಯಜಮಾನಿಕೆ. ಎರಡು ಲೆಕ್ಕಗಳು ಬೇರೆಯಾದರೆ ಯಾವುದನ್ನು ನಂಬಬೇಕು? ಸಾಮಾನ್ಯವಾಗಿ ಅಂಗಡಿಯ ತಂತ್ರಾಂಶವನ್ನು. ಮಾರುಕಟ್ಟೆಗಳು ‘ಇಷ್ಟು ಮಾರಿದೆವು’ ಎಂದು ತಿಳಿಸಬೇಕು. ‘ಇಷ್ಟು ಇದೆ’ ಎಂದು ಹೇಳುವ ಅಧಿಕಾರ ಒಂದಕ್ಕೇ ಇರಬೇಕು.

ಮೂರನೆಯದು ತಡ. ಇಲ್ಲಿ ಸ್ವಲ್ಪ ಗಣಿತವಿದೆ. ಪ್ರತಿ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತೀರಿ ಎನ್ನೋಣ. ಗಂಟೆಗೆ 4 ಕುದುರೆ ಮಾರಾಟವಾದರೆ ಆ ಬಿಡುವಿನಲ್ಲಿ ಸರಾಸರಿ 1 ಹೋಗುತ್ತದೆ. ದಸರೆಯ ಹೊತ್ತಿಗೆ ಮಾರಾಟ ಗಂಟೆಗೆ 40ಕ್ಕೆ ಏರಿದರೆ ಸರಾಸರಿ 10. ಅದಕ್ಕೇ 30 ಇದ್ದರೂ ಹೊರಗೆ 20 ಎಂದು ತೋರಿಸಿ, 10ನ್ನು ಕಾಯ್ದಿಡುತ್ತಾರೆ. 10 ಎಂಬುದು ಸರಾಸರಿ ಮಾತ್ರ. ಕೆಲವೊಮ್ಮೆ 14 ಕೂಡ ಹೋದೀತು. ಕಾಯ್ದಿಡುವುದು ಹೆಚ್ಚಾದರೆ ಮಾರಾಟ ತಪ್ಪುತ್ತದೆ, ಕಡಿಮೆಯಾದರೆ ಮಾತು ತಪ್ಪುತ್ತದೆ. ಬಿಡುವು ಕಡಿಮೆ ಮಾಡುವುದು, ಇಲ್ಲವೇ ಮಾರಾಟವಾದ ಕ್ಷಣವೇ ಸುದ್ದಿ ಬರುವಂತೆ ಏರ್ಪಡಿಸುವುದು ಇನ್ನೊಂದು ದಾರಿ.

ನಾಲ್ಕನೆಯದು ಸುದ್ದಿಯ ರೂಪ. ‘ಒಂದು ಕಳೆ’ ಎಂಬ ಸುದ್ದಿ ಕಳಿಸಿದಿರಿ. ಸಂಪರ್ಕ ಕಡಿದು, ತಲುಪಿತೋ ಇಲ್ಲವೋ ಎಂಬ ಅನುಮಾನದಿಂದ ಮತ್ತೆ ಕಳಿಸಿದಿರಿ. ಎರಡೂ ತಲುಪಿದರೆ ಒಂದು ಮಾರಾಟಕ್ಕೆ ಎರಡು ಕಳೆಯುತ್ತದೆ! ‘ಈಗ 6 ಇದೆ’ ಎಂದರೆ ಹತ್ತು ಸಲ ಹೇಳಿದರೂ ಆರೇ. ಆದರೆ ‘6 ಇದೆ’ ಎಂಬ ಹಳೆಯ ಸುದ್ದಿ, ‘5 ಇದೆ’ ಎಂಬ ಹೊಸದರ ನಂತರ ತಲುಪಿದರೆ ಅಲ್ಲಿಯೂ ತಪ್ಪೇ. ಅದಕ್ಕಾಗಿ ಪ್ರತಿ ಸುದ್ದಿಗೂ ಕ್ರಮಸಂಖ್ಯೆ ಕೊಡುತ್ತಾರೆ. ಒಮ್ಮೆ ಬಂದ ಸಂಖ್ಯೆ ಮತ್ತೆ ಬಂದರೆ, ಅಥವಾ ಹೊಸದರ ಹಿಂದೆ ಹಳೆಯದು ಬಂದರೆ, ಅದನ್ನು ಬಿಟ್ಟುಬಿಡಬೇಕು.

ಕೊನೆಯದು ‘ಇದೆ’ ಎಂಬ ಮಾತಿನ ಅರ್ಥ. ಕಪಾಟಿನಲ್ಲಿ 8 ಕುದುರೆಗಳಿದ್ದು, 3ಕ್ಕೆ ಆಗಲೇ ಹಣ ಬಂದಿದ್ದರೆ ಮಾರಲು ಇರುವುದು 5. ಗಿರಾಕಿ ಹಿಂದಿರುಗಿಸಿದ ಕುದುರೆಯ ಕಾಲು ಮುರಿದಿಲ್ಲವೆಂದು ನೋಡುವವರೆಗೆ ಅದನ್ನು ಲೆಕ್ಕಕ್ಕೆ ಸೇರಿಸಬಾರದು.

ಇಷ್ಟೆಲ್ಲ ಮಾಡಿಯೂ ಕಪಾಟಿನ ಮುಂದೆ ನಿಂತು ಎಣಿಸುವ ಕೆಲಸ ತಪ್ಪುವುದಿಲ್ಲ. ಇಲಿ ಕಡಿದ ಗೊಂಬೆಯ ಸುದ್ದಿಯನ್ನು ಯಾವ ತಂತ್ರಾಂಶವೂ ತಾನಾಗಿ ಕೊಡಲಾರದು.

ಮಾಡಿ ನೋಡಿ

ಒಬ್ಬರು 20 ಸೀಮೆಸುಣ್ಣ ಇಟ್ಟುಕೊಂಡು ಯಜಮಾನರಾಗಿ. ಇಬ್ಬರು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಕೇಳಿದವರಿಗೆ ಚೀಟಿ ಬರೆದು ಮಾರಲಿ. ಐದು ನಿಮಿಷಕ್ಕೊಮ್ಮೆ ಮಾತ್ರ ಲೆಕ್ಕದ ಚೀಟಿ ಅತ್ತಿತ್ತ ಹೋಗಲಿ. ಕೊನೆಗೆ ಎಷ್ಟು ಮಂದಿ ಚೀಟಿ ಹಿಡಿದು, ಸೀಮೆಸುಣ್ಣವಿಲ್ಲದೆ ನಿಂತರು ಎಂದು ಎಣಿಸಿ. ಆಮೇಲೆ ಎರಡು ನಿಮಿಷಕ್ಕೊಮ್ಮೆ ಚೀಟಿ ಕಳಿಸಿ, ಮತ್ತೆ ಎಣಿಸಿ.